ಮೆಟ್ಟಿಲ ಕೆಳಗಿನ ಓದು

ನನ್ನ ಅಕ್ಕನಿಗೆ ಕೋಪ ಬರುವುದಿಲ್ಲ. ನಮ್ಮ ಮನೆಯ ಪಾಲಿನ ಕೋಪವನ್ನೆಲ್ಲ ನಾನೊಬ್ಬಳೇ ಗುತ್ತಿಗೆ ಹಿಡಿದಿದ್ದೇನೆ ಎಂದು ಭಾವ ಹೇಳುತ್ತಾರೆ. ಹೇಳಲಿ. ನಾವಿಬ್ಬರೂ ಒಂದೇ ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡುತ್ತೇವೆ. ನಾನು ಕಚೇರಿಯ ಗುಮಾಸ್ತೆ. ಹಾಜರಿ, ವರ್ಗಾವಣೆ ಪತ್ರ, ವರ್ಷದ ಕೊನೆಗೆ ತೇರ್ಗಡೆ ಪಟ್ಟಿ, ಎಲ್ಲ ನನ್ನ ಮೇಜಿನ ಮೇಲೆಯೇ. ಅಕ್ಕ ಓದಿನ ಟೀಚರ್. ಎಂದರೆ, ಮೂರನೇ ತರಗತಿಗೆ ಬಂದರೂ ಓದಲು ಬಾರದ ಮಕ್ಕಳನ್ನು ದಿನಕ್ಕೆ ಅರ್ಧ ಗಂಟೆ ಪ್ರತ್ಯೇಕವಾಗಿ ಕೂರಿಸಿಕೊಂಡು ಓದಿಸುವವಳು.

ಅವಳ ಕೋಣೆ ಮೆಟ್ಟಿಲ ಕೆಳಗಿದೆ. ಮೊದಲು ಅಲ್ಲಿ ಪೊರಕೆ, ಬಕೆಟ್ಟು, ಕಾಲು ಮುರಿದ ಬೆಂಚುಗಳಿದ್ದವು. ಹನ್ನೊಂದು ವರ್ಷದ ಹಿಂದೆ ಈ ಕೆಲಸ ಯಾರು ಮಾಡುತ್ತೀರಿ ಎಂದು ಕೇಳಿದಾಗ ಇಡೀ ಸ್ಟಾಫ್ ರೂಮು ಕಿಟಕಿಯ ಹೊರಗೆ ನೋಡತೊಡಗಿತಂತೆ. ಅಕ್ಕ ಕೈ ಎತ್ತಿದಳು. ನಮ್ಮ ವಂಶದಲ್ಲೇ ಎತ್ತರದವಳು ಅವಳು. ಆ ಇಳಿಜಾರು ಚಾವಣಿಯ ಕೆಳಗೆ ಹನ್ನೆರಡು ಪುಟ್ಟ ಕುರ್ಚಿಗಳ ನಡುವೆ ತಲೆ ಬಗ್ಗಿಸಿ ಬಗ್ಗಿಸಿ ಈಗ ಬಸ್ ನಿಲ್ದಾಣದಲ್ಲಿ ನಿಂತಿದ್ದರೂ ಕುತ್ತಿಗೆ ಒಂದು ಕಡೆಗೆ ವಾಲಿರುತ್ತದೆ. ಗಂಟೆ ಹೊಡೆದರೆ ಇಡೀ ಶಾಲೆ ತಲೆಯ ಮೇಲೆ ದಡದಡ ಇಳಿಯುತ್ತದೆ. ಆಗ ಓದು ನಿಲ್ಲಿಸಿ ಎಲ್ಲರೂ ಚಾವಣಿ ನೋಡುತ್ತಾ ಕೂರುತ್ತಾರೆ.

ಅವಳ ಓದಿಸುವ ಕ್ರಮ ನನಗೆ ಗೊತ್ತು, ಏಕೆಂದರೆ ಕಚೇರಿಗೂ ಆ ಕೋಣೆಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಮೊದಲು ಅಕ್ಕ ಪುಟವನ್ನು ತಾನೇ ಗಟ್ಟಿಯಾಗಿ, ರಾಗವಾಗಿ ಓದುತ್ತಿದ್ದಳು. ಆಮೇಲೆ ಎಲ್ಲರೂ ಒಟ್ಟಿಗೆ. ಕೊನೆಗೆ ಒಬ್ಬೊಬ್ಬರೇ. ಮಕ್ಕಳಿಗೆ ನಾಚಿಕೆಯಾಗಬಾರದು, ಬಾಯಿ ಬಿಡುವಾಗ ಹೆದರಬಾರದು ಎಂಬುದು ಅವಳ ಲೆಕ್ಕಾಚಾರ. ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಿರಲಿಲ್ಲ, ನನಗಂತೂ ಅನಿಸಿರಲಿಲ್ಲ.

ವರ್ಷದ ಕೊನೆಗೆ ಮೂರನೇ ತರಗತಿಯ ಎಲ್ಲರಿಗೂ ಒಂದು ನಿಮಿಷದ ಪರೀಕ್ಷೆ. ಎರಡು ಪುಟದ ಕಥೆ, ಅಕ್ಕನ ಕೈಯಲ್ಲಿ ಗಡಿಯಾರ. ನಿಮಿಷಕ್ಕೆ ನಲವತ್ತೈದು ಪದ ಓದಿದವರು ನಾಲ್ಕನೇ ತರಗತಿಗೆ. ಓದದವರು ಮತ್ತೊಂದು ವರ್ಷ ಮೂರರಲ್ಲೇ. ನಿಯಮದಲ್ಲಿ ಇನ್ನೊಂದು ಮಾತಿದೆ: ಪಾಸಾದವರಿಗೆ ಮೆಟ್ಟಿಲ ಕೆಳಗೆ ಕುರ್ಚಿ ಇಲ್ಲ. ಇರುವುದೇ ಹನ್ನೆರಡು, ಅವು ಫೇಲಾದವರಿಗೆ, ಇನ್ನೂ ಪರೀಕ್ಷೆಗೆ ಕೂರದ ದುರ್ಬಲರಿಗೆ.

ಇನ್ನು ಆ ಹುಡುಗಿ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಕಟ್ಟಕಡೆಯದು, ಹಾಗಾಗಿ ನಾನು ಅವಳನ್ನು ಬಾಲಂಗೋಚಿ ಎಂದು ಕರೆಯುತ್ತಿದ್ದೆ. ಅವಳು ಅದಕ್ಕೆ ನಗುತ್ತಿದ್ದಳು. ಸಮವಸ್ತ್ರ ಹೊಲಿಯುವ ಅಂಗಡಿಯ ದರ್ಜಿಯೊಬ್ಬಳ ಮಗಳು. ಮಾತಿನಲ್ಲಿ ಚುರುಕು, ಓದಿನಲ್ಲಿ ಹಿಂದೆ. ಈ ವರ್ಷ ಇವಳು ಉಳಿದುಕೊಳ್ಳುತ್ತಾಳೆ ಎಂದು ಅಕ್ಕನೇ ಪರೀಕ್ಷೆಯ ಹಿಂದಿನ ದಿನ ಹೇಳಿ ಪೆಚ್ಚುಮೋರೆ ಹಾಕಿಕೊಂಡಿದ್ದಳು.

ಪರೀಕ್ಷೆಯಲ್ಲಿ ಬಾಲಂಗೋಚಿ ಐವತ್ತೆಂಟು ಪದ ಓದಿದಳು. ಎಡವದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು. ಎರಡನೇ ಪುಟದ ಮೊದಲ ಎರಡು ಪದ ಹೇಳಿಯಾದ ಮೇಲೆ ಪುಟ ತಿರುಗಿಸಿದಳಂತೆ. ಅಕ್ಕ ಅದನ್ನು ನೋಡಿದಳು. ನೋಡಿಯೂ ಗಮನಿಸಲಿಲ್ಲ. ಒಂದು ವರ್ಷ ಬೆವರು ಸುರಿಸಿದ ಟೀಚರಿಗೆ ಇಂಥ ಹೊತ್ತಿನಲ್ಲಿ ಕಣ್ಣು ಮಂಜಾಗುತ್ತದೆ, ಅವಳಿಗೂ ಆಯಿತು. ಕಚೇರಿಗೆ ಬಂದು ನನ್ನ ಸೆರಗಿನಲ್ಲೇ ಕಣ್ಣೊರೆಸಿಕೊಂಡು, "ನೋಡೇ, ಒಂದ್ ದಿನ ಎಲ್ಲಾ ಒಟ್ಟಿಗೆ ಬಂದ್ಬಿಡುತ್ತೆ," ಎಂದಳು. ಸಹಿ ಹಾಕಿದಳು. ನಾನು ತೇರ್ಗಡೆ ಪಟ್ಟಿಯಲ್ಲಿ ಹೆಸರು ಏರಿಸಿದೆ.

ಹೊಸ ಶಾಲಾ ವರ್ಷದ ಮೂರನೇ ವಾರ ಅವಳು ಮೆಟ್ಟಿಲ ಕೆಳಗಿನ ಬಾಗಿಲಲ್ಲಿ ಬಂದು ನಿಂತಳು. ನೀನು ಪಾಸಾಗಿದ್ದೀಯಲ್ಲ, ತರಗತಿಗೆ ಹೋಗು ಎಂದು ಅಕ್ಕ ಕಳುಹಿಸಿದಳು. ಮರುದಿನ ಮತ್ತೆ ಬಂದಳು. ಮೂರನೇ ದಿನ ಅಕ್ಕ ಅವಳನ್ನು ಒಳಗೆ ಕರೆದು ಒಂದು ಹೊಸ ಪುಸ್ತಕ ಕೈಗೆ ಕೊಟ್ಟದ್ದು ನನಗೆ ಹಲಗೆಯಾಚೆಯಿಂದ ಕೇಳಿಸಿತು.

"ಮೊದ್ಲು ನೀವ್ ಓದಿ ಟೀಚರ್."

"ಇಲ್ಲ, ಇವತ್ತು ನೀನೇ ಓದು."

ಪುಟ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತಿರುಗಿಸುವ ಸದ್ದು ಮಾತ್ರ ಬಂತು.

"ಪರೀಕ್ಷೇಲಿ ಅಷ್ಟು ಚೆನ್ನಾಗಿ ಓದಿದ್ಯಲ್ಲೇ?"

"ಅದು ನಂಗೆ ಗೊತ್ತಿತ್ತು. ಹೊರಗೆ ಕೂತಿದ್ನಲ್ಲ, ಎಲ್ರೂ ಹೇಳೋದು ಕೇಳಿಸ್ತಿತ್ತು."

ಹೊರಗೆ ಅವಳ ಮುಂದೆ ಮೂವತ್ತೊಂದು ಮಕ್ಕಳು ಸಾಲಾಗಿ ಕೂತಿದ್ದರು. ಸೆಕೆಗೆ ಬಾಗಿಲು ತೆರೆದೇ ಇತ್ತು. ಒಂದೇ ಕಥೆಯನ್ನು ಅವಳು ಮೂವತ್ತೊಂದು ಸಲ ಕೇಳಿದ್ದಳು.

"ಹಾಗಾದ್ರೆ ಉಳಿದೋರೆಲ್ಲ ಹೇಗೆ ಓದ್ತಾರೆ ಅಂದ್ಕೊಂಡಿದ್ದೀಯ?" ಅಕ್ಕನ ಧ್ವನಿ ಆಗಲೇ ಇಳಿದುಹೋಗಿತ್ತು.

"ಅವ್ರಿಗೆ ಬೇಗ ನೆನಪಿರುತ್ತೆ. ನಂಗೆ ಜಾಸ್ತಿ ಸಲ ಕೇಳ್ಬೇಕು. ನಾಲ್ಕನೇ ಕ್ಲಾಸಲ್ಲಿ ಯಾರೂ ಮೊದ್ಲು ಓದೋದೇ ಇಲ್ಲ ಟೀಚರ್. ಅದಕ್ಕೆ ಇಲ್ಲಿಗೆ ಬಂದೆ."

ಹುಡುಗಿ ಮೋಸ ಮಾಡಿರಲಿಲ್ಲ. ಓದುವುದೆಂದರೆ ನೆನಪಿಡುವುದು ಎಂದೇ ಅವಳು ನಂಬಿದ್ದಳು, ಅಕ್ಷರಗಳು ಸುಮ್ಮನೆ ಪುಟದ ಅಲಂಕಾರ. ಹಾಗೆಂದು ಅವಳಿಗೆ ದಿನಾ ಅರ್ಧ ಗಂಟೆ, ಪೂರ್ತಿ ಒಂದು ವರ್ಷ ಕಲಿಸಿದವಳು ನನ್ನ ಅಕ್ಕ.

ಅಂದು ಸಂಜೆ ಅಕ್ಕ ನಮ್ಮ ಅಡುಗೆಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಾ, ಕಾಳನ್ನು ಸಿಪ್ಪೆಯ ಪಾತ್ರೆಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಿದ್ದಳು. ಹೆಡ್ ಮಾಸ್ಟರಿಗೆ ಬರೆದು ಕೊಡುತ್ತೇನೆ ಎಂದಳು. ನನಗೆ ಪಿತ್ತ ನೆತ್ತಿಗೇರಿತು.

"ಪಟ್ಟಿ ಮೇಲಕ್ಕೆ ಹೋಗಾಗಿದೆ. ಈಗ ಬಾಯಿ ಬಿಟ್ರೆ ಅವಳನ್ನ ಮೂರಕ್ಕೆ ತಳ್ತಾರೆ, ನಿನ್ನ ಫೈಲಿಗೂ ಒಂದು ಕಪ್ಪು ಚುಕ್ಕೆ. ಸುಮ್ನಿರು. ನಾಲ್ಕರಲ್ಲಿ ಹೇಗೋ ಕಲ್ತ್ಕೋತಾಳೆ."

"ಹೇಗೋ ಅಂದ್ರೆ ಹೇಗೆ?"

"ಎಲ್ಲಾರೂ ಹೇಗೆ ಕಲೀತಾರೋ ಹಾಗೆ."

"ಎಲ್ಲಾರ ಥರ ಕಲಿಯೋಕೆ ಆಗ್ಲಿಲ್ಲ ಅಂತಲೇ ಅಲ್ವೇನೇ ಅವಳು ನನ್ ಹತ್ರ ಬಂದಿದ್ದು?"

ಮಾತಿನಲ್ಲಿ ಸೋತಾಗ ನಾನು ಪಾತ್ರೆ ಕುಕ್ಕುತ್ತೇನೆ, ಅಂದೂ ಕುಕ್ಕಿದೆ. ನಿಜ ಹೇಳಬೇಕೆಂದರೆ ನನಗೆ ಹುಡುಗಿಯ ಚಿಂತೆ ಇರಲಿಲ್ಲ. ಅಕ್ಕನ ಬಗ್ಗೆ ಭಯವಾಗಿತ್ತು.

ಅಕ್ಕ ಬರೆದು ಕೊಟ್ಟಳು. ಬಾಗಿಲು ತೆರೆದಿಟ್ಟದ್ದು ತಾನು, ಎಲ್ಲರಿಗೂ ಒಂದೇ ಕಥೆ ಕೊಟ್ಟದ್ದು ತಾನು, ಹುಡುಗಿ ನಾಲ್ಕರಲ್ಲೇ ಇರಲಿ, ಆದರೆ ಮೆಟ್ಟಿಲ ಕೆಳಗೆ ಅವಳಿಗೊಂದು ಕುರ್ಚಿ ಕೊಡಿ ಎಂದು. ಹೆಡ್ ಮಾಸ್ಟರು ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದರು. ಕೆಟ್ಟ ಮನುಷ್ಯರಲ್ಲ, ನಿಯಮ ಬಿಟ್ಟು ಒಂದು ಹೆಜ್ಜೆ ಇಡದವರು. "ಪಾಸಾದೋರಿಗೆ ಕುರ್ಚಿ ಇಲ್ಲ ಟೀಚರ್. ಕುರ್ಚಿ ಬೇಕು ಅಂದ್ರೆ ಪಾಸು ರದ್ದಾಗ್ಬೇಕು. ರದ್ದಾಗ್ಬೇಕು ಅಂದ್ರೆ ತಾಯಿ ಒಪ್ಪಿ ಸಹಿ ಹಾಕ್ಬೇಕು," ಎಂದರು.

ತಾಯಿ ಬಂದಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು, ಕೆಲಸದಿಂದ ನೇರ ಬಂದಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮಗಳು ಪಾಸು ಅಂತ ಅಂಗಡೀಲಿ ಎಲ್ರಿಗೂ ಹೇಳಿದ್ದೀನಿ. ಈಗ ಏನಂತ ಹೇಳ್ಲಿ? ಟೀಚರಮ್ಮನಿಗೆ ಕಣ್ ಕಾಣ್ಸಿಲ್ಲ ಅಂತಾನಾ?"

"ಹೌದಮ್ಮ. ಹಾಗೇ ಹೇಳಿ," ಎಂದಳು ಅಕ್ಕ. "ತಪ್ಪು ನಂದೇ."

ಜಗಳಕ್ಕೆಂದೇ ಸೆರಗು ಸಿಕ್ಕಿಸಿಕೊಂಡು ಬಂದವಳಿಗೆ ಎದುರಾಳಿಯೇ ಇಲ್ಲದಂತಾಯಿತು. ನಾನು ಒಪ್ಪಿಗೆ ಪತ್ರ ಮುಂದಿಟ್ಟೆ. ಅವಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ.

"ಓದಿ ಹೇಳಿ. ಕನ್ನಡಕ ತಂದಿಲ್ಲ."

ಹಗಲೆಲ್ಲ ಬರಿಗಣ್ಣಲ್ಲಿ ಸೂಜಿಗೆ ದಾರ ಪೋಣಿಸುವವಳು. ನಾನು ಓದಿದೆ. ನಾಲ್ಕು ಷರತ್ತುಗಳು, ಒಂದೊಂದೂ ಮಾರುದ್ದ. ಓದಿ ಮುಗಿಸಿದ ಮೇಲೆ ಅವಳು ನಾಲ್ಕನ್ನೂ ಒಂದಕ್ಷರ ಬಿಡದೆ ತಿರುಗಿ ಹೇಳಿ, "ಇಷ್ಟೇ ತಾನೇ?" ಎಂದಳು. ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು.

ಅಕ್ಕ ಮೆಲ್ಲಗೆ ಕೇಳಿದಳು: "ಅಂಗಡೀಲಿ ಅಳತೆ ಚೀಟಿ ಕೊಡ್ತಾರಲ್ಲಮ್ಮ, ಅದನ್ನ?"

"ಬಟ್ಟೆಗೆ ಚುಚ್ಚಿರ್ತಾರೆ. ನಂಗೆ ಬೇಡ. ಅಂಗಡಿ ಯಜಮಾನ್ರು ಒಂದ್ ಸಲ ಹೇಳಿದ್ರೆ ಸಾಕು, ಇಪ್ಪತ್ತು ಜನದ ಅಳತೆ ತಲೇಲಿ ಇಟ್ಕೋತೀನಿ." ಹೆಮ್ಮೆಯಿಂದಲೇ ಹೇಳಿದಳು. ಆಮೇಲೆ ಕಿಟಕಿಯ ಹೊರಗೆ, ಅಂಗಳದಲ್ಲಿ ಕಾಯುತ್ತಿದ್ದ ಮಗಳನ್ನು ನೋಡಿದಳು. ಕೋಪವೆಲ್ಲ ಮುಖದಿಂದ ಇಳಿಯಿತು. "ಕೆಲವು ಸಲ ಭಾರ ಆಗುತ್ತೆ ಟೀಚರ್. ಊಟಕ್ಕೆ ಕೂತ್ರೂ ತೋಳು, ಸೊಂಟ ಅಂತ ಓಡ್ತಾನೇ ಇರುತ್ತೆ. ಕೆಳಗಿಡೋಕೆ ಜಾಗ ಇಲ್ಲ."

ಸಹಿಯನ್ನು ಅವಳು ಬರೆಯಲಿಲ್ಲ, ಚಿತ್ರ ಬಿಡಿಸುವಂತೆ ಬಿಡಿಸಿದಳು. ಹುಡುಗಿ ಮೂರನೇ ತರಗತಿಗೆ ಇಳಿದಳು. ಅಕ್ಕನಿಗೆ ಬಂದ ಎಚ್ಚರಿಕೆ ಪತ್ರವನ್ನು ನಾನೇ ಟೈಪು ಮಾಡಬೇಕಾಯಿತು; ಇನ್ನು ಮುಂದೆ ಪರೀಕ್ಷೆಯನ್ನು ಬೇರೆ ಶಾಲೆಯ ಟೀಚರ್ ತೆಗೆದುಕೊಳ್ಳತಕ್ಕದ್ದು ಎಂದು ಅದರಲ್ಲಿತ್ತು. ಎರಡು ಕಡೆ ತಪ್ಪು ಕೀಲಿ ಒತ್ತಿದೆ. ಬೇಕೆಂದೇ ಒತ್ತಿದೆ.

ಆ ವರ್ಷ ಹಲಗೆಯಾಚೆ ಮೌನ. ಅಕ್ಕ ಮೊದಲು ಓದುವುದನ್ನು ನಿಲ್ಲಿಸಿದಳು. ಹನ್ನೊಂದು ವರ್ಷದ ರೂಢಿ, ಬಾಯಿ ತಾನಾಗಿ ತೆರೆಯುತ್ತಿತ್ತಂತೆ. ತಡೆಯಲು ಪೆನ್ಸಿಲ್ಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂರುತ್ತಿದ್ದಳು. ದಿನಕ್ಕೊಂದು ಹೊಸ ವಾಕ್ಯವನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದಳು. ಪುಸ್ತಕದ್ದಲ್ಲ, ಯಾರೂ ಎಲ್ಲೂ ಹೇಳಿರದ ವಾಕ್ಯ. 'ಟೀಚರ್ ಇವತ್ತು ಎರಡು ಬೇರೆ ಬೇರೆ ಚಪ್ಪಲಿ ಹಾಕಿಕೊಂಡಿದ್ದಾರೆ.' ಮನಸ್ಸಿನಲ್ಲೇ ಓದಿಕೊಂಡವರು ಅವಳ ಕಾಲು ನೋಡಿ ನಗುತ್ತಿದ್ದರು, ಏಕೆಂದರೆ ಅವಳು ನಿಜಕ್ಕೂ ಹಾಗೇ ಹಾಕಿಕೊಂಡು ಬಂದಿರುತ್ತಿದ್ದಳು.

ಬಾಲಂಗೋಚಿ ಮೊದಮೊದಲು ಉಳಿದವರು ನಕ್ಕ ಮೇಲೆ ನಗುತ್ತಿದ್ದಳು. ತನಗಿಂತ ಚಿಕ್ಕವರ ಮಧ್ಯೆ ಕೂರುವುದು ಅವಳಿಗೆ ಅವಮಾನವಾಗಿತ್ತು. ಒಂದು ವಾರ ಶಾಲೆಗೇ ಬರಲಿಲ್ಲ. ಬಾಲಂಗೋಚಿ ಎಂದು ಕರೆದಾಗ ನಗುವುದನ್ನೂ ನಿಲ್ಲಿಸಿದಳು. ನಾನು ಕರೆಯುವುದನ್ನು ನಿಲ್ಲಿಸಿದೆ. ಇದೆಲ್ಲ ನೀನು ತಂದಿಟ್ಟಿದ್ದು ಎಂದು ಅಕ್ಕನಿಗೆ ಒಂದು ಸಲ ಹೇಳಿಯೂಬಿಟ್ಟೆ. ಹೇಳಬಾರದಿತ್ತು. ಅವಳು ಎರಡು ದಿನ ನಮ್ಮ ಮನೆಗೆ ಬರಲಿಲ್ಲ.

ಆರನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಆ ಮೌನದಲ್ಲಿ ಒಂದೇ ಒಂದು ನಗು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಉಳಿದವರದು. ಅಕ್ಕ ಪೆನ್ಸಿಲ್ಲು ಬಾಯಲ್ಲಿಟ್ಟುಕೊಂಡೇ ಕಚೇರಿಗೆ ಓಡಿ ಬಂದಳು. "ಅವಳೇ ಮೊದ್ಲು ನಕ್ಕಿದ್ದು ಕಣೇ," ಎಂದಳು.

ಪರೀಕ್ಷೆಯ ದಿನ ಶುಕ್ರವಾರ. ಬೇರೆ ಶಾಲೆಯ ಟೀಚರ್, ಮುಚ್ಚಿದ ಬಾಗಿಲು, ಒಬ್ಬೊಬ್ಬರಿಗೂ ಬೇರೆ ಕಥೆ. ಹುಡುಗಿಯ ತಾಯಿ ಕಾರಿಡಾರಿನ ಬೆಂಚಿನ ಮೇಲೆ ಗುಂಡಿ ಹೊಲಿಯಬೇಕಿದ್ದ ಶರಟೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಅಕ್ಕ. ಸುಮ್ಮನೆ ನಿಲ್ಲಲಾರದೆ ನಾನೂ ಒಂದು ಫೈಲು ಹಿಡಿದುಕೊಂಡು ಅಲ್ಲೇ ಸುಳಿದಾಡುತ್ತಿದ್ದೆ. ಬಾಗಿಲು ತೆರೆಯಿತು. ಹುಡುಗಿಯ ಹಿಂದೆಯೇ ಹೊರಬಂದ ಆ ಟೀಚರ್ ಚೀಟಿ ನೋಡಿ, "ಮೂವತ್ತೊಂದು," ಎಂದರು.

ಬೇಕಾದದ್ದು ನಲವತ್ತೈದು. ತಾಯಿಯ ಕೈಯ ಸೂಜಿ ನಿಂತಿತು.

"ಮತ್ತೆ ಫೇಲಾ?"

ಅಕ್ಕ ಅವಳಿಗೆ ಬಿಡಿಸಿ ಹೇಳಿದಳು: ಒಂದೇ ತರಗತಿಯಲ್ಲಿ ಎರಡನೇ ಸಲ ಉಳಿಸುವಂತಿಲ್ಲ, ಆದ್ದರಿಂದ ನಾಲ್ಕಕ್ಕೆ ಹೋಗುತ್ತಾಳೆ, ನಲವತ್ತೈದು ಮುಟ್ಟಲಿಲ್ಲ, ಆದ್ದರಿಂದ ಅಲ್ಲಿಂದಲೂ ದಿನಾ ಮೆಟ್ಟಿಲ ಕೆಳಗೆ ಬರುತ್ತಾಳೆ. ತಾಯಿ ತಲೆಯಾಡಿಸಿದಳು. ಆದರೆ ಅವಳಿಗೆ ಬೇಕಾಗಿದ್ದ ಉತ್ತರ ಅದಾಗಿರಲಿಲ್ಲ. ಐವತ್ತೆಂಟು ಸುಳ್ಳಾಗಿದ್ದರೆ ಮೂವತ್ತೊಂದು ಮಾತ್ರ ನಿಜವೆಂದು ಅವಳು ಹೇಗೆ ನಂಬಬೇಕು?

ಅವಳು ಮಡಿಲಲ್ಲಿದ್ದ ಶರಟನ್ನು ತಿರುಗಿಸಿ, ಕಾಲರಿಗೆ ಚುಚ್ಚಿದ್ದ ಅಳತೆ ಚೀಟಿಯನ್ನು ಬಿಚ್ಚಿ ಮಗಳ ಕೈಗೆ ಕೊಟ್ಟಳು.

"ಇದನ್ನ ಓದು."

ಅಕ್ಕನ ತುಟಿ ಅಲುಗಿತು. ನಾನು ಅವಳ ಮೊಣಕೈ ಹಿಡಿದುಕೊಂಡೆ.

ಹುಡುಗಿ ಚೀಟಿಯನ್ನು ಮೂಗಿನ ಹತ್ತಿರ ತಂದಳು. ಯಜಮಾನರ ಕೈಬರಹ ಕೋಳಿ ಕೆದರಿದ ಹಾಗಿತ್ತು. "ಎದೆ... ಮೂವತ್ತು. ತೋಳು... ಹದಿ... ಹದಿನೆಂಟು." ತಾಯಿಯ ತುಟಿಗಳು ಸದ್ದಿಲ್ಲದೆ ಜೊತೆಗೇ ಆಡುತ್ತಿದ್ದವು, ಅವಳ ತಲೆಯಲ್ಲಿದ್ದುದೂ ಅದೇ. "ಕಾಲರ್ ದೊಡ್ಡದು. ಗುರು... ಗುರುವಾರ ಬೇಕು."

ತಾಯಿಯ ತುಟಿ ನಿಂತಿತು.

"ಶನಿವಾರ ಕಣೇ."

"ಇಲ್ಲಮ್ಮ. ಗುರುವಾರ ಅಂತ ಇದೆ."

"ಯಜಮಾನ್ರು ನನ್ ಎದುರಿಗೇ ಹೇಳಿದ್ದು. ಶನಿವಾರ."

"ಹೇಳಿರ್ಬಹುದು. ಬರ್ದಿರೋದು ಗುರುವಾರ." ಹುಡುಗಿ ಒಂದು ಕ್ಷಣ ಯೋಚಿಸಿದಳು. "ಅಮ್ಮಾ, ಗುರುವಾರ ನಿನ್ನೇನೇ ಆಗೋಯ್ತು."

ತಾಯಿ ಅಯ್ಯಯ್ಯೋ ಎಂದು ಹಣೆ ಚಚ್ಚಿಕೊಂಡಳು, ನಕ್ಕಳು, ನಗುತ್ತಿರುವಾಗಲೇ ಕಣ್ಣೀರು ಬಂತು. ಶರಟನ್ನು ಚೀಲಕ್ಕೆ ತುರುಕಿ ಅಂಗಡಿಗೆ ಓಡಲು ಎದ್ದವಳು ಮತ್ತೆ ಬೆಂಚಿನ ಮೇಲೆ ಕೂತುಬಿಟ್ಟಳು.

"ಎಲ್ಲಿದೆ ಅದು, ಗುರುವಾರ? ನಂಗೂ ತೋರ್ಸು," ಎಂದಳು.