ಹೆಲ್ಮೆಟ್ ಇಂಟರ್‌ಕಾಮ್ ಬೇಡ ಅಂದಿದ್ದು

ಸ್ನೇಹಿತರೇ, ಜೊತೆಗೆ ಬೈಕ್ ಓಡಿಸುವಾಗ ಮಾತಾಡೋಕೆ ಕೈಸನ್ನೆ ಸಾಕೋ, ಹೆಲ್ಮೆಟ್ ಇಂಟರ್‌ಕಾಮ್ ಬೇಕೋ ಅಂತ ನಾವು ನಾಲ್ವರು ಇವತ್ತು ಪರೀಕ್ಷೆ ಮಾಡಿದ್ವಿ. ಯಲಹಂಕ ದಾಟುವಾಗ ನಮ್ಮ ಮಂಜನಿಗೆ ಹೆಂಡತಿಯ ಫೋನ್ ಬಂತು. ಅದು ಇಂಟರ್‌ಕಾಮ್‌ನಲ್ಲಿ ನಮ್ಮೆಲ್ಲರ ಕಿವಿಗೂ ಬೀಳ್ತಿದೆ ಅಂತ ಅವನಿಗೆ ಗೊತ್ತಿಲ್ಲ.

"ಕೆಲ್ಸ ಹೋಗಿರೋದು ಫ್ರೆಂಡ್ಸ್‌ಗೆ ಹೇಳಿದ್ರಾ?"

"ಸುಮ್ನಿರೇ. ಗೊತ್ತಾದ್ರೆ ಇನ್ಮೇಲೆ ಕರೆಯೋದೇ ಬಿಟ್ಬಿಡ್ತಾರೆ."

ಅಲ್ಲಿಂದ ನಾವು ಮೂವರೂ ಕೈಸನ್ನೆಯಲ್ಲೇ ಮಾತಾಡಿದ್ವಿ.

ತಿಂಡಿಗೆ ನಿಂತಾಗ ಅವನೇ ಕೇಳಿದ, "ಹೆಂಗಿದೆ ಮಗಾ ಇಂಟರ್‌ಕಾಮ್? ತಗೊಳ್ಳೋಣ್ವಾ?"

"ಬೇಡ ಗುರು, ಏನೂ ಕೇಳ್ಸಲ್ಲ. ಕೈಸನ್ನೆನೇ ವಾಸಿ" ಅಂದೆ. ಉಳಿದಿಬ್ಬರು ಇಡ್ಲಿ ನೋಡ್ತಾ ತಲೆಯಾಡಿಸಿದ್ರು.

ಆಮೇಲೆ ಮಂಜ ನಮ್ಮನ್ನೆಲ್ಲ ಪಕ್ಕಕ್ಕೆ ತಳ್ಳಿ, ಬಿಲ್ ತಾನೇ ಕೊಟ್ಟ. ನಾವು ತಡೀಲಿಲ್ಲ. ತಡೆದಿದ್ರೆ ಇಂಟರ್‌ಕಾಮ್ ಚೆನ್ನಾಗೇ ಕೇಳ್ಸುತ್ತೆ ಅಂತ ಒಪ್ಕೊಂಡ ಹಾಗಾಗ್ತಿತ್ತು.