ಮೊಲದ ಒಪ್ಪತ್ತು

ಜಗದೇವಿ ತೀರಿಹೋದ ಮೇಲೆ ಹಿಟ್ಟಿನ ಗಿರಣಿಯನ್ನು ಅವಳ ತಮ್ಮ ಆತ್ಮಾರಾಮ ವಹಿಸಿಕೊಂಡ. ಅವಳ ಮೊಲ ಬೆಣ್ಣಿಯನ್ನು ನಾನು ಮನೆಗೆ ತಂದುಕೊಂಡೆ. ಈಗ ಮಳೆ ಹಿಡಿದಿದೆ, ಬೆಣ್ಣಿಗೆ ಕೂದಲು ಉದುರುವ ಕಾಲ. ದಿನಾ ಸಂಜೆ ಅದನ್ನು ಮಡಿಲಲ್ಲಿ ಕೂಡಿಸಿಕೊಂಡು, ಅಂಗೈ ತುಸು ಒದ್ದೆ ಮಾಡಿಕೊಂಡು ಬೆನ್ನು ಸವರುತ್ತೇನೆ. ಸಡಿಲಾದ ಕೂದಲು ಕೈಗೆ ಅಂಟಿಕೊಂಡು ಬರುತ್ತದೆ. ಆಮೇಲೆ ಬಾಚಣಿಗೆ, ಕೂದಲು ಮಲಗಿದ ದಿಕ್ಕಿಗೇ. ಹೊಟ್ಟೆಯ ಚರ್ಮ ತೆಳು, ಅಲ್ಲಿ ಬರೀ ಬೆರಳು. ಇಷ್ಟೂ ಜಗದೇವಿ ಕಲಿಸಿದ್ದು. ಅವಳು ಕಲಿತದ್ದು ಒಂದು ಶ್ರಾವಣದಲ್ಲಿ, ಹೆದರಿಕೆಯಿಂದ.

ನಾವಿಬ್ಬರೂ ಮೊಗುಡಂಪಲ್ಲಿಯವರು, ಒಂದೇ ಓಣಿ. ಗಂಡ ತೀರಿದ ಮೇಲೆ ಗಿರಣಿಯನ್ನು ಅವಳೇ ನಡೆಸಿದಳು. ಬೆಲ್ಟು ಜಾರಿದರೆ ತಾನೇ ಏರಿಸುವಳು, ಕಲ್ಲು ಸವೆದರೆ ತಾನೇ ಕುಳಿತು ಉಳಿ ಹಿಡಿಯುವಳು. ಗಿರಣಿಯ ಸದ್ದಿಗೆ ಕಿವಿ ಮಂದವಾಗಿತ್ತು, ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತಿತ್ತು. ಬೆಣ್ಣಿಯನ್ನು ಕೊಟ್ಟದ್ದು ತಾಂಡೂರಿನಲ್ಲಿರುವ ತಂಗಿ. ಮೊಲ ಯಾಕೆ ಸಾಕಿದೆ ಎಂದು ನಾನು ಒಮ್ಮೆ ಕೇಳಿದ್ದೆ.

"ದಿನಾ ಪೂರಾ ಮಂದಿ ಬರ್ತಾರ, ಮಾತಾಡ್ತಾರ, ಹೋಗ್ತಾರ," ಎಂದಿದ್ದಳು. "ನನ್ನ ಸಂಗಾಟ ಸುಮ್ನ ಕೂಡೋದು ಇದೊಂದೇ ನೋಡು."

ಸಂಜೆ ಗಿರಣಿ ನಿಂತ ಮೇಲೆ ಅವಳೂ ಬೆಣ್ಣಿಯೂ ಹಿತ್ತಲ ಕಟ್ಟೆಯ ಮೇಲೆ ಕೂಡುತ್ತಿದ್ದರು. ಅವಳು ಸೀರೆಯ ಹಿಟ್ಟು ಕೊಡವಿಕೊಳ್ಳುವಳು, ಅದು ಮೈ ನೆಕ್ಕಿಕೊಳ್ಳುವುದು. ಆ ಹೊತ್ತಿಗೆ ಅವಳ ಮುಖದಲ್ಲಿ ಇರುತ್ತಿದ್ದ ನೆಮ್ಮದಿಯನ್ನು ನಾನು ಬೇರೆಯವರಲ್ಲಿ ಕಂಡದ್ದು ಕಡಿಮೆ.

ಅದು ಶ್ರಾವಣದ ಮೊದಲ ಸೋಮವಾರ. ಜಗದೇವಿಗೆ ಒಪ್ಪತ್ತು: ಹಗಲೆಲ್ಲ ಉಪವಾಸ, ಸಂಜೆ ಲಿಂಗಪೂಜೆ ಮುಗಿದ ಮೇಲೆ ಒಂದೇ ಊಟ. ಬೆಳಿಗ್ಗೆ ಬೆಣ್ಣಿಯ ಮುಂದೆ ರೊಟ್ಟಿ ಚೂರು, ಬೆಲ್ಲ, ಮೆಂತೆ ಸೊಪ್ಪು ಇಟ್ಟಳು. ಅದು ಮೂಸಿ ಮುಖ ತಿರುಗಿಸಿತು. ಮಧ್ಯಾಹ್ನವೂ ಹಾಗೆಯೇ. ಜಗದೇವಿ ಓಡುತ್ತ ನಮ್ಮ ಮನೆಗೆ ಬಂದಳು.

"ಶೈಲಾ, ಜರಾ ಬಾ ಇಲ್ಲಿ. ಬೆಣ್ಣಿ ಒಪ್ಪತ್ತು ಹಿಡದದ."

ನಾನು ಹೋಗುವಷ್ಟರಲ್ಲಿ ಮೊಲದ ಹಣೆಗೆ ವಿಭೂತಿ ಬಂದಿತ್ತು. ಅದು ಮೂಲೆಯಲ್ಲಿ ಕಣ್ಣು ಅರ್ಧ ಮುಚ್ಚಿ, ಮೈ ಮುದುಡಿ ಕೂತಿತ್ತು. ಧ್ಯಾನದಲ್ಲಿದೆ ಎಂದರೆ ನಂಬುವ ಹಾಗೇ ಇತ್ತು. ಓಣಿಯ ಹೆಂಗಸರು ಬಂದು ನೋಡಿದರು, ಇಬ್ಬರು ಕೈ ಮುಗಿದರು. ಜೋಳದ ಚೀಲ ಹೊತ್ತು ಬಂದ ಭೂದೇವಿ ಮಾತ್ರ ಸೊಂಟದ ಮೇಲೆ ಕೈ ಇಟ್ಟು ನಿಂತಳು. ಅವಳದು ಬಾಬಾಸಾಹೇಬರ ಫೋಟೋ ಇರುವ ಮನೆ. ದೇವರ ವಿಷಯದಲ್ಲಿ ಜಗದೇವಿಯನ್ನು ಕೆಣಕದೆ ಅವಳು ಹಿಟ್ಟು ಒಯ್ದದ್ದಿಲ್ಲ.

"ಇನ್ನೇನ್ರಿ ಅಕ್ಕಾ, ಕೊಳ್ಳಿಗಿ ಒಂದು ಲಿಂಗ ಕಟ್ಟಿಬಿಡ್ರಿ. ಮುಂದಿನ ಸೋಮವಾರ ಪುರಾಣ ಹೇಳತದ."

"ನಗು ನಗು. ನಿನಗಿಂತ ಶಾಣ್ಯಾ ಅದ ಅದು."

"ನನಗಿಂತ ಶಾಣ್ಯಾ ಇದ್ರ ಮೈ ಕೂದಲ ಉದುರಿಸಿಕೋತ ಕೂಡತಿತ್ತೇನ್ರಿ? ನನ್ನ ಹಿಟ್ಟಿನ್ಯಾಗ ಒಂದು ಬಂದ್ರ ನೋಡ್ರಿ ಮತ್ತ."

ಆ ದಿನವೆಲ್ಲ ಜಗದೇವಿ ಹಬ್ಬದ ಮನೆಯ ಹಾಗೆ ಓಡಾಡಿದಳು. ಸಂಜೆ ಸ್ನಾನ ಮಾಡಿ ಪೂಜೆ ಮುಗಿಸಿದಳು. ಬೆಳಿಗ್ಗೆಯೇ ಕಟ್ಟಿಟ್ಟ ರೊಟ್ಟಿಯ ಬುತ್ತಿ ಬಿಚ್ಚುವ ಮೊದಲು ಬೆಣ್ಣಿಗೆ ಗಜ್ಜರಿ ಕೊಟ್ಟಳು. ಅದು ಅಲ್ಲಾಡಲಿಲ್ಲ. ಬಾಯಿಯ ಹತ್ತಿರ ಹಿಡಿದಳು. ಅದು ಹಿಂದಕ್ಕೆ ಸರಿಯಿತು.

ಜಗದೇವಿ ಗಜ್ಜರಿಯನ್ನು ಕೈಯಲ್ಲಿ ಹಿಡಿದೇ ನನ್ನ ಕಡೆ ನೋಡಿದಳು. ಅವಳ ದನಿ ಅಷ್ಟು ಸಣ್ಣದಾದದ್ದು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಶೈಲಾ, ಒಪ್ಪತ್ತು ಇದ್ದೋರು ಸಂಜೀಕ ಉಣ್ತಾರಲ್ಲ."

ಅವಳು ಮೂಲೆಯ ಗೋಣಿಚೀಲ ಎತ್ತಿ ನೋಡಿದಳು. ಬೆಳಗಿನಿಂದ ಒಂದು ಹಿಕ್ಕೆಯೂ ಬಿದ್ದಿರಲಿಲ್ಲ. ಬುತ್ತಿ ಹಾಗೇ ಮುಚ್ಚಿಟ್ಟು, ಬೆಣ್ಣಿಯನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಆಟೋ ಹತ್ತಿದಳು. ನಾನೂ ಹತ್ತಿದೆ. ಜಹೀರಾಬಾದ್ ತಲುಪುವ ತನಕ ಅವಳು ಸೆರಗಿನಿಂದ ಅದರ ಹಣೆಯ ವಿಭೂತಿ ಒರೆಸುತ್ತಲೇ ಇದ್ದಳು.

ಅಲ್ಲಿ ಪ್ರಬುದ್ಧ ಎಂಬ ದನದ ಡಾಕ್ಟರು ಸಂಜೆ ಮನೆಯಲ್ಲೇ ನೋಡುತ್ತಿದ್ದರು. ಮೊಲದ ಹೊಟ್ಟೆಯನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿ, ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಹೊಟ್ಟಿ ನಿಂತದರಿ. ಉದುರೋ ಕೂದಲ ನೆಕ್ಕಿ ನೆಕ್ಕಿ ನುಂಗ್ಯಾದ. ಬೆಕ್ಕಿನಂಗ ಇದಕ್ಕ ಕಕ್ಕಾಕ ಬರಂಗಿಲ್ಲ. ಏನು ತಿನ್ನಿಸ್ತೀರಿ?"

"ರೊಟ್ಟಿರಿ. ಬೆಲ್ಲ. ಮನಿ ಮಗಳು ತಿಂದಂಗ ತಿಂತದರಿ."

"ಅದೇ ನೋಡ್ರಿ ಅವ್ವಾ. ಇದಕ್ಕ ಹುಲ್ಲು ಬೇಕು, ಬಾಯಿ ತುಂಬ ಹುಲ್ಲು. ಹುಲ್ಲಿದ್ರ ಕೂದಲ ಮುಂದ ಹೋಗತದ."

"ಮೈ ತೊಳೀಲೇನ್ರಿ? ಕೂದಲೆಲ್ಲ ಒಮ್ಮಿಗೇ ಹೋಗತದ."

"ಬ್ಯಾಡ್ರಿ. ನೀರಿಗಿ ಅಂಜಿ ಜೀವಾನೇ ಬಿಡತದ. ದಿನಾ ಬಾಚ್ರಿ, ಸಾಕು."

ಚರ್ಮದಡಿ ಸಲೈನ್ ಕೊಟ್ಟರು, ಒಂದು ಇಂಜೆಕ್ಷನ್ ಮಾಡಿದರು, ಹೊಟ್ಟೆಯನ್ನು ಮೆತ್ತಗೆ ಹೇಗೆ ತಿಕ್ಕಬೇಕೆಂದು ತೋರಿಸಿದರು. ಬದುಕುತ್ತದೆಯೇ ಎಂದು ಜಗದೇವಿ ಕೇಳಿದಳು. ಹಿಕ್ಕೆ ಹಾಕಿದರೆ ಬದುಕಿದ ಹಾಗೆ ಎಂದರು.

ಮರುದಿನ ಬೆಳಿಗ್ಗೆ ನಾನು ಹೋದಾಗ ಬುತ್ತಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಬೆಣ್ಣಿ ಅವಳ ಮಡಿಲಲ್ಲಿತ್ತು. ತಾನು ತಲೆಗೆ ಬಳಸುವ ಬಾಚಣಿಗೆಯಿಂದಲೇ ಬಾಚುತ್ತಿದ್ದಳು, ಪಕ್ಕದಲ್ಲಿ ಬಿಳಿ ಕೂದಲಿನ ಗುಡ್ಡೆ. ಹಿಟ್ಟು ಒಯ್ಯಲು ಬಂದ ಭೂದೇವಿ ಬಾಗಿಲಲ್ಲೇ ನಿಂತಳು. ಕೆಣಕಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿ, ಸ್ವಲ್ಪ ಹೊತ್ತಿಗೆ ಹೊಲದ ಬದುವಿನ ಗರಿಕೆಯನ್ನು ಉಡಿ ತುಂಬ ತಂದು ಸುರಿದಳು.

"ಉಪಾಸ ಬಿಡಂತ ಹೇಳ್ರಿ ಅಕ್ಕಾ ಅದಕ್ಕ. ನೀವು ಹೇಳಿದ್ರ ಕೇಳತದ."

ಬೆಣ್ಣಿ ಒಂದು ಎಳೆ ಎಳೆದುಕೊಂಡಿತು. ಸ್ವಲ್ಪ ಸುಮ್ಮನಿತ್ತು. ಇನ್ನೊಂದು ಎಳೆಯಿತು. ಆಮೇಲೆ ಮೂಗು ಕುಣಿಸುತ್ತ ತಿನ್ನತೊಡಗಿತು. ನಾನು ಬುತ್ತಿಯನ್ನು ಮುಂದೆ ಸರಿಸಿದೆ, ಜಗದೇವಿ ತಲೆ ಅಲ್ಲಾಡಿಸಿದಳು. ಡಾಕ್ಟರು ಹೇಳಿದ್ದು ತಿಂದರೆ ಎಂದಲ್ಲ, ಹಿಕ್ಕೆ ಹಾಕಿದರೆ ಎಂದು.

ಮಧ್ಯಾಹ್ನದ ಬಿಸಿಲು ಹಿತ್ತಲಿಗೆ ಬರುವ ಹೊತ್ತಿಗೆ ಅವಳ ಕೂಗು ಓಣಿಯ ತುದಿಯ ತನಕ ಕೇಳಿಸಿತು.

"ಶೈಲಾ, ಬಾ ನೋಡು. ಮೆಣಸಿನ ಕಾಳಿನಂಗ ಬಿದ್ದಾವ."

ಹೋಗಿ ನೋಡಿದೆ. ಒಂದೆರಡು ಕೂದಲಿನ ಎಳೆಯಲ್ಲಿ ಪೋಣಿಸಿದ ಹಾಗೆ ಬಂದಿದ್ದವು. ಜಗದೇವಿ ಅವನ್ನು ಕಣ್ತುಂಬ ನೋಡಿ, ಕೈ ತೊಳೆದು ಬಂದು, ನಿನ್ನೆಯ ರೊಟ್ಟಿ ಮುರಿದು ಶೇಂಗಾ ಹಿಂಡಿಯಲ್ಲಿ ಅದ್ದಿದಳು. ಭೂದೇವಿ ಇನ್ನೂ ಅಲ್ಲೇ ಇದ್ದಳು.

"ಹಿಕ್ಕಿ ನೋಡಿ ಉಪಾಸ ಬಿಟ್ಟೋರನ್ನ ನಾ ಎಲ್ಲೂ ನೋಡಿಲ್ಲರಿ ಅಕ್ಕಾ."

"ಈಗ ನೋಡಿದಿಯಲ್ಲ," ಎಂದಳು ಜಗದೇವಿ, ತುಂಬಿದ ಬಾಯಲ್ಲಿ. "ಕೂಡು, ನೀನೂ ಒಂದು ತಿನ್ನು. ಆಮ್ಯಾಲ ಗಿರಣಿ ಹಚ್ತೀನಿ."