ಹಳ್ಳದ ದಾರಿ ಬಲ್ಲ ಕರಿ ಎತ್ತು

ನಾಯಕನನ್ನು ಅರಿಯಲು ಇತಿಹಾಸ, ಸಮಾಜ, ರಾಜಕೀಯ ಮೂರನ್ನೂ ಕೂಡಿಸಿ ನೋಡಬೇಕೆಂದು ಓದಿದವರು ಹೇಳುತ್ತಾರೆ. ನಾನು ಹತ್ತಿ ದಲಾಲಿ ಮಾಡಿ ಮೇಲೆ ಬಂದವನು. ಆದರೂ ಮೂರನ್ನೂ ಒಂದೇ ಮುಂಜಾನೆ ನೋಡಿದ್ದೇನೆ.

ನಿಜಾಮರ ಆಳ್ವಿಕೆ ಮುಗಿದ ಹೊಸತು. ಹಿರೇಕೊಟ್ನೆಕಲ್‌ನಲ್ಲಿ ನಾನು ಕೊಂಡ ಹತ್ತಿಯನ್ನು ಬಂಡಿಗಳಿಗೆ ಹೇರಿಯಾಗಿತ್ತು. ಮೇಲೆ ಅಕಾಲದ ಮೋಡ. ಮಳೆಗೆ ಮೊದಲೇ ರಾಯಚೂರು ಮುಟ್ಟದಿದ್ದರೆ ನನ್ನ ವ್ಯಾಪಾರ ಮುಗಿದಂತೆ. ತಲೆತಲಾಂತರದಿಂದ ಊರಾಳಿದ ಗೌಡರನ್ನು ಹಿಡಿದೆ. "ಬಂಡಿ ಹೂಡ್ರಲೇ!" ಎಂದು ಗದರಿದರು. ಯಾರೂ ಹೂಡಲಿಲ್ಲ. ಬಂಡಿಯವರ ಕುಲದ ಹಿರಿಯರೊಬ್ಬರಿಂದ ಹೇಳಿಸಿದೆ. ಎಲ್ಲರೂ ಕೈಮುಗಿದು ಅಲ್ಲೇ ಕೂತರು. ಖಾದಿ ಟೋಪಿಯ ಹೊಸ ಮುಖಂಡರೊಬ್ಬರು ಭಾಷಣವನ್ನೇ ಮಾಡಿದರು. ಬಂಡಿಯವರು ಚಪ್ಪಾಳೆ ತಟ್ಟಿ ಮತ್ತೆ ಬೀಡಿ ಹಚ್ಚಿದರು.

"ಯಾರ ಮಾತು ಕೇಳ್ತೀರಪ್ಪಾ ನೀವು?" ಎಂದೆ.

"ಎಲ್ಲಾರ ಮಾತೂ ಕೇಳೀವ್ರೀ ಸಾವ್ಕಾರ್ರ. ಆದ್ರ ಹಳ್ಳ ದಾಟೂ ದಾರಿ ಆ ಕರಿ ಎತ್ತಿಗಷ್ಟ ಗೊತ್ತದ. ಅದು ಮುಂದ ಹೋಗದಿದ್ರ ನಮ್ಮ ಎತ್ತು ನೀರಿಗೆ ಇಳಿಯಂಗಿಲ್ರಿ. ಅದು ನೋಡ್ರಿ, ಇನ್ನೂ ಮಲಗ್ಯದ!"

ಮೂವರು ದೊಡ್ಡವರೂ ತಿರುಗಿ ನೋಡಿದರು. ಎತ್ತು ಮೆಲುಕು ಹಾಕುತ್ತಿತ್ತು. ನಾನು ಬೆಲ್ಲ ತರಿಸಿ ಅದರ ಮೂತಿಗೆ ಹಿಡಿದೆ. ನನ್ನ ಜೀವನದಲ್ಲಿ ಚೌಕಾಸಿ ಇಲ್ಲದೆ ಕುದುರಿದ ವ್ಯವಹಾರ ಅದೊಂದೇ. ಎತ್ತು ಎದ್ದಿತು, ಸಾಲೆಲ್ಲ ಹೊರಟಿತು. ಮೊದಲ ಹನಿ ಬೀಳುವಾಗ ಹತ್ತಿ ರಾಯಚೂರಿನ ಸೂರಿನಡಿ ಇತ್ತು.

ನೀವು ಮಾನ್ವಿಗಾದರೂ ಹೋಗಿ, ದೇವದುರ್ಗಕ್ಕಾದರೂ ಹೋಗಿ, ಹಳ್ಳ ಮೊದಲು ದಾಟುವವರು ಯಾರೆಂದು ಕೇಳಿಕೊಂಡೇ ವ್ಯಾಪಾರದ ಮಾತಿಗೆ ಕೂರಿ. ಅಂದು ಮುಂದಿನ ಬಂಡಿಯೇರಿ ಬಂದ ಮುಖಂಡರು ಮಾತ್ರ, ಬಂಡಿ ಹೊರಡಿಸಿದ್ದು ತಾವೇ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದರು. ಎತ್ತು ಅದಕ್ಕೂ ತಕರಾರು ಮಾಡಲಿಲ್ಲ.